ಪ್ರೇಕ್ಷಕರು ಏಕೆ ಕರಗಲಿಲ್ಲ? ಕಿವಿ ಕೇಳದ ನಾಯಿಯ ಕೌಟುಂಬಿಕ ಚಿತ್ರ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಚಿತ್ರದ ಹೆಸರು, ತಂಡ, ಭಾಷೆ, ಪಾತ್ರಗಳ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಕಲಿಯುವುದಕ್ಕೆ ಬೇಕಾದದ್ದು ಸಂಕಲನದ ಮೇಜಿನ ಮೇಲೆ ನಡೆದ ಕೆಲಸ, ಅದನ್ನು ಇದ್ದ ಹಾಗೆ ಇಟ್ಟಿದೆ.

ಕಥೆ ಚಿಕ್ಕದು. ಒಂಬತ್ತು ವರ್ಷದ ಹುಡುಗಿ, ಅಪ್ಪ, ಅಮ್ಮ, ಮನೆಯಲ್ಲೊಂದು ವಯಸ್ಸಾದ ಕಂದು ನಾಯಿ. ನಾಯಿಗೆ ದಿನೇ ದಿನೇ ಕಿವಿ ಮಂದವಾಗುತ್ತಿದೆ, ಮನೆಯವರಿಗೆ ಅದು ತಿಳಿದಿಲ್ಲ. ಕರೆದರೆ ಬರುವುದಿಲ್ಲ. ಬಾಗಿಲಿಗೆ ಅಡ್ಡ ಮಲಗಿದ್ದನ್ನು ಗದರಿದರೆ ಏಳುವುದಿಲ್ಲ. ಅಪ್ಪನಿಗೆ ಇದೆಲ್ಲ ಮೊಂಡುತನವಾಗಿ ಕಾಣುತ್ತದೆ, ಯಾರಿಗಾದರೂ ಕೊಟ್ಟುಬಿಡೋಣ ಎಂದು ತೀರ್ಮಾನಿಸುತ್ತಾನೆ. ಈ ನಡುವೆ ಹುಡುಗಿಗೆ ಒಂದು ಗುಟ್ಟು ಗೊತ್ತಾಗುತ್ತದೆ: ಮರದ ನೆಲವನ್ನು ಎರಡು ಸಲ ತಟ್ಟಿದರೆ ನಾಯಿ ತಲೆ ಎತ್ತುತ್ತದೆ. ಇದು ಕಥೆಗಾಗಿ ಕಟ್ಟಿದ ಮಾತಲ್ಲ. ಕಿವಿ ಹೋದ ನಾಯಿಗಳನ್ನು ಸಾಕುವವರು ನೆಲದ ಕಂಪನ, ಕೈಸನ್ನೆ, ದೀಪ ಆರಿಸಿ ಹೊತ್ತಿಸುವುದು ಇವುಗಳಿಂದಲೇ ಅವನ್ನು ಕರೆಯುತ್ತಾರೆ.

ಬಾಯಲ್ಲಿ ಹೇಳಿದರೇ ಗಂಟಲು ಕಟ್ಟುವಂಥ ಕಥೆ. ಆದರೆ 118 ನಿಮಿಷದ ಮೊದಲ ಕಟ್, ಅಂದರೆ ಸಂಕಲಿಸಿದ ಮೊದಲ ಆವೃತ್ತಿ, ನೋಡಿದವರ ಕಣ್ಣು ಒದ್ದೆಯಾಗಲಿಲ್ಲ.

ಸಮಸ್ಯೆ

ಮಕ್ಕಳೊಂದಿಗೆ ಬಂದ ಕುಟುಂಬಗಳಿಗೆ ಪ್ರಿವ್ಯೂ ಏರ್ಪಡಿಸಿದ್ದರು. ತಂಡದ ಇಬ್ಬರು ಮುಂದಿನ ಸಾಲಿನ ಮೂಲೆಯಲ್ಲಿ ಪರದೆಗೆ ಬೆನ್ನು ಮಾಡಿ ಕುಳಿತು ನೋಡುವವರ ಮುಖಗಳನ್ನೇ ಗಮನಿಸಿದರು. ಚಿತ್ರ ಮುಗಿದ ಮೇಲೆ 'ಇಷ್ಟವಾಯಿತೇ' ಎಂದು ಕೇಳಲಿಲ್ಲ, ಕೇಳಿದರೆ ಎಲ್ಲರೂ ಸೌಜನ್ಯಕ್ಕೆ ಹೌದು ಎನ್ನುತ್ತಾರೆ. 'ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು', 'ನಾಯಿಗೆ ಏನು ಬೇಕಿತ್ತು ಅನ್ನಿಸಿತು' ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಇಟ್ಟರು. ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರವಿರಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಅಲ್ಲಿದೆ.

ಕ್ಲೈಮ್ಯಾಕ್ಸ್ ಆಗ ಹೀಗಿತ್ತು: ಸುರಿಯುವ ಮಳೆಯಲ್ಲಿ ನಾಯಿ ಮನೆಬಿಟ್ಟು ಹೋಗುತ್ತದೆ, ವಾಹನದ ಹಾರ್ನ್ ಅದಕ್ಕೆ ಕೇಳಿಸುವುದಿಲ್ಲ, ಅಪಘಾತವಾಗುತ್ತದೆ. ಸ್ಲೋ ಮೋಷನ್, ವಯಲಿನ್, ಅಪ್ಪ ನಾಯಿಯನ್ನು ಎತ್ತಿಕೊಂಡು ಬಿಕ್ಕುತ್ತಾ ಆಡುವ ಉದ್ದನೆಯ ಮಾತು. ಇದರ ಜೊತೆಗೆ ಚಿತ್ರದುದ್ದಕ್ಕೂ ನಾಯಿಯ ಮನಸ್ಸಿನ ಮಾತನ್ನು ಒಬ್ಬ ನಟನ ಧ್ವನಿಯಲ್ಲಿ ಹೇಳಿಸಿದ್ದರು. ದೊಡ್ಡವರು ಸುಮ್ಮನೆ ನೋಡಿದರು. ಮಕ್ಕಳು ಹೆದರಿದರು. ನಾಯಿ ಕಾಣೆಯಾದ ಹದಿನೇಳು ನಿಮಿಷ ಅವರು ಪರದೆ ನೋಡುವುದಕ್ಕಿಂತ ಪಕ್ಕದಲ್ಲಿದ್ದ ಅಮ್ಮನ ಮುಖ ನೋಡಿದ್ದೇ ಹೆಚ್ಚು. ಸತ್ತುಹೋಗುತ್ತದಾ ಎಂಬ ಭಯದಲ್ಲಿರುವ ಮಗುವಿಗೆ ಬೇರೆ ಯಾವ ಭಾವಕ್ಕೂ ಎಡೆಯಿರುವುದಿಲ್ಲ.

ಮೊದಲು ಮಾಡಿದ್ದು: ಇನ್ನಷ್ಟು ಸೇರಿಸಿದ್ದು

ಕರಗಲಿಲ್ಲವೆಂದರೆ ಸಾಲಲಿಲ್ಲ ಎಂದರ್ಥ ಮಾಡಿಕೊಳ್ಳುವುದು ಸಹಜ. ನಾಯಿಯ ಕಣ್ಣಿನ ಕ್ಲೋಸ್‌ಅಪ್‌ಗಳನ್ನು ಉದ್ದ ಮಾಡಿದರು. ವಯಲಿನ್ನನ್ನು ಇನ್ನೂ ಮುಂಚೆ ಎಳೆದು ತಂದರು. ಗ್ರಾಫಿಕ್ಸ್‌ನಲ್ಲಿ ಕೆಲವು ಶಾಟ್‌ಗಳಲ್ಲಿ ನಾಯಿಯ ಹುಬ್ಬಿನ ಒಳತುದಿಯನ್ನು ತುಸು ಮೇಲೆತ್ತಿದರು.

ಎರಡನೆಯ ಪ್ರಿವ್ಯೂ ಮೊದಲಿನದಕ್ಕಿಂತ ಕೆಟ್ಟಿತು. ಹುಬ್ಬೆತ್ತಿದ ಶಾಟ್‌ಗೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾಯಿ ಗೊಂಬೆಯಂತೆ ಕಾಣುತ್ತದೆ ಎಂದು ಒಬ್ಬರು ಬರೆದುಕೊಟ್ಟರು. ಹುಬ್ಬಿನ ಒಳತುದಿ ಎತ್ತುವ ಸ್ನಾಯು ನಾಯಿಗಳಿಗೆ ನಿಜವಾಗಿಯೂ ಇದೆ. 2019ರಲ್ಲಿ ಪ್ರಕಟವಾದ ಅಂಗರಚನಾ ಅಧ್ಯಯನವೊಂದು ಆ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿರುವುದನ್ನೂ ತೋಳಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವುದನ್ನೂ ತೋರಿಸಿತು. ಮನುಷ್ಯರೊಂದಿಗೆ ಬಾಳಿ ಬಂದ ಪ್ರಾಣಿಯ ಮುಖದಲ್ಲಿ ಅದು ತಾನಾಗಿಯೇ ಆಗಾಗ ಮೂಡುತ್ತದೆ. ಆ ಚಲನೆ ಯಾವ ಹೊತ್ತಿಗೆ, ಎಷ್ಟು ಹೊತ್ತು ಬರುತ್ತದೆ ಎಂಬುದು ನೋಡುವವರ ಕಣ್ಣಿಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಎತ್ತಿ ಹಿಡಿದ ಹುಬ್ಬು ಇಳಿಯಬೇಕಾದ ಹೊತ್ತಿಗೆ ಇಳಿಯಲಿಲ್ಲ, ಅದಕ್ಕೇ ಅದು ಸುಳ್ಳೆನಿಸಿತು.

ತಿರುವು

ಎರಡನೆಯ ಪ್ರಿವ್ಯೂನಲ್ಲಿ ನಾಯಿ ಸಾಕುವ ಹಿರಿಯರೊಬ್ಬರು ಒಂದೇ ಸಾಲು ಬರೆದಿದ್ದರು: 'ಈ ನಾಯಿಗೆ ಆ ಹುಡುಗಿ ಯಾರೋ.'

ಸಂಕಲನಕಾರರು ಆ ಸಾಲನ್ನು ಮುಂದಿಟ್ಟುಕೊಂಡು, ಧ್ವನಿ ಪೂರ್ತಿ ಮುಚ್ಚಿ, ನಾಯಿ ಇರುವ ಶಾಟ್‌ಗಳನ್ನಷ್ಟೇ ಮೊದಲಿಂದ ಕೊನೆಯವರೆಗೆ ನೋಡಿದರು. ಮೂರು ಸಂಗತಿ ಕಣ್ಣಿಗೆ ಬಿದ್ದವು.

ಮೊದಲನೆಯದು ಲುಕ್, ಅಂದರೆ ನೋಟ ಹೋಗುವ ದಿಕ್ಕು. ಹುಡುಗಿ ನೆಲದ ಮೇಲೆ ಕ್ಯಾಮೆರಾದ ಎಡಕ್ಕೆ ಕುಳಿತಿದ್ದಾಳೆ, ನಾಯಿ ಮಾತ್ರ ಬಲಗಡೆ ಮೇಲಕ್ಕೆ ನೋಡುತ್ತಿದೆ. ಅಲ್ಲಿ ಕ್ಯಾಮೆರಾದ ಪಕ್ಕದಲ್ಲಿ ತರಬೇತುದಾರರು ತಿನಿಸು ಹಿಡಿದು ನಿಂತಿದ್ದರು. ಮನುಷ್ಯ ನಟರ ಲುಕ್ ಒಂದಿಷ್ಟು ತಪ್ಪಿದರೂ ಮಾತಿನ ಭರದಲ್ಲಿ ಮುಚ್ಚಿಹೋಗುತ್ತದೆ, ಮಾತಿಲ್ಲದ ಪ್ರಾಣಿಗೆ ಇರುವುದು ನೋಟವೊಂದೇ. ನಾಯಿ ಮತ್ತು ಅದರ ಯಜಮಾನ ಒಬ್ಬರನ್ನೊಬ್ಬರು ನೋಡುತ್ತಿದ್ದರೆ ಇಬ್ಬರಲ್ಲೂ ಬಾಂಧವ್ಯಕ್ಕೆ ಸಂಬಂಧಿಸಿದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ ಎಂದು 2015ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದ್ದಾರೆ. ನಾಯಿ ಸಾಕಿದವರು ಆ ನೋಟವನ್ನು ದಿನಾ ಉಣ್ಣುತ್ತಾರೆ, ಅದು ಇಲ್ಲದಿರುವುದು ಅವರಿಗೆ ತಕ್ಷಣ ತಿಳಿಯುತ್ತದೆ.

ಎರಡನೆಯದು ಇನ್ನೂ ಗಂಭೀರ. ದುಃಖದ ದೃಶ್ಯಗಳಿಗೆಂದು ಆರಿಸಿದ್ದ ಹಲವು ಶಾಟ್‌ಗಳಲ್ಲಿ ನಾಯಿ ಪದೇ ಪದೇ ತುಟಿ ನೆಕ್ಕುತ್ತಿತ್ತು, ನಿದ್ದೆಯಿಲ್ಲದೆ ಆಕಳಿಸುತ್ತಿತ್ತು, ತಲೆ ತಿರುಗಿಸಿ ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುತ್ತಿತ್ತು, ಕಿವಿ ಹಿಂದಕ್ಕೆ ಒತ್ತಿತ್ತು. ಇವು ದುಃಖದ ಗುರುತುಗಳಲ್ಲ, ಒತ್ತಡದ ಗುರುತುಗಳು. ಬಿಸಿ ದೀಪ, ಗದ್ದಲ, ಮತ್ತೆ ಮತ್ತೆ ಟೇಕ್, ಇವುಗಳಿಂದ ದಣಿದ ಪ್ರಾಣಿ ಸಾಕು ಎನ್ನುತ್ತಿತ್ತು. ನೋಡುವವರಿಗೆ ಇದನ್ನು ಹೆಸರಿಟ್ಟು ಹೇಳಲು ಬರದಿದ್ದರೂ ಮುಜುಗರವಂತೂ ಆಗುತ್ತದೆ, ಮುಜುಗರ ಇರುವಲ್ಲಿ ಕರುಣೆ ಹರಿಯುವುದಿಲ್ಲ. ಪ್ರಾಣಿಯ ನಿಜವಾದ ಕಷ್ಟವನ್ನು ಕಥೆಯ ದುಃಖಕ್ಕೆ ಬಳಸುವುದು ನ್ಯಾಯವೂ ಅಲ್ಲ. ಈ ಶಾಟ್‌ಗಳನ್ನೆಲ್ಲ ತೆಗೆದುಹಾಕಲು ತಂಡ ಎರಡನೇ ಮಾತಿಲ್ಲದೆ ಒಪ್ಪಿತು.

ಮೂರನೆಯದು ಕಿವಿ. ಕಥೆಯ ಪ್ರಕಾರ ನಾಯಿಗೆ ಕೇಳಿಸುವುದಿಲ್ಲ. ಆದರೆ ಶಾಟಿನ ಆರಂಭದಲ್ಲಿ ಕ್ಲ್ಯಾಪ್ ಹಲಗೆ ಬಡಿದಾಗ, ಹೊರಗೆ ಜನರೇಟರ್ ಶುರುವಾದಾಗ, ಯಾರೋ ಕೆಮ್ಮಿದಾಗ ಅದರ ಕಿವಿ ಆ ಕಡೆ ತಿರುಗುತ್ತಿತ್ತು. ಒಂದೊಂದೂ ಕಾಲು ಸೆಕೆಂಡಿನ ಚಲನೆ. ಪ್ರೇಕ್ಷಕರು ಯಾರೂ ಇದನ್ನು ಎತ್ತಿ ಹೇಳಿರಲಿಲ್ಲ. ಆದರೂ ನಾಯಿಗೆ ಕೇಳಿಸುತ್ತಿಲ್ಲ ಎಂಬುದನ್ನು ಅವರು ಮನಸಾರೆ ನಂಬಿರಲೂ ಇಲ್ಲ.

ಮತ್ತೆ ಚಿತ್ರೀಕರಿಸಿದ ಬಗೆ

ಸ್ವಲ್ಪ ರೀಶೂಟ್‌ಗೆ ಅವಕಾಶವಿತ್ತು. ಅದನ್ನು ದೊಡ್ಡ ದೃಶ್ಯಗಳಿಗೆ ಖರ್ಚು ಮಾಡದೆ, ಹುಡುಗಿ ಮತ್ತು ನಾಯಿ ಸುಮ್ಮನೆ ಜೊತೆಗಿರುವ ಕ್ಷಣಗಳಿಗೆ ಇಟ್ಟುಕೊಂಡದ್ದು ಈ ಪ್ರಕರಣದ ಅತ್ಯುತ್ತಮ ನಿರ್ಧಾರ.

ಕ್ಯಾಮೆರಾವನ್ನು ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರಕ್ಕೆ, ಅಂದರೆ ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಸಿದರು. ಮೇಲಿನಿಂದ ತೆಗೆದರೆ ನಾಯಿ ಮನೆಯ ಸಾಮಾನಿನಂತೆ ಕಾಣುತ್ತದೆ. ಲೆನ್ಸ್ 85 ಎಂಎಂ, ಕ್ಯಾಮೆರಾ ದೂರದಲ್ಲಿ. ಹತ್ತಿರದಿಂದ ವೈಡ್ ಲೆನ್ಸ್ ಹಿಡಿದರೆ ಮೂತಿ ಉದ್ದವಾಗಿ ನಗು ತರಿಸುತ್ತದೆ, ಜೊತೆಗೆ ಮುಖದ ಮುಂದೆಯೇ ನಿಂತ ಯಂತ್ರದಿಂದ ನಾಯಿಗೂ ಇರಿಸುಮುರುಸು. ತರಬೇತುದಾರರು ಈಗ ಹುಡುಗಿಯ ಬೆನ್ನ ಹಿಂದೆ ಮಲಗಿ, ತಿನಿಸನ್ನು ಅವಳ ಕಿವಿಯ ಮಟ್ಟದಲ್ಲಿ ಹಿಡಿದರು. ನಾಯಿಯ ನೋಟ ಅವಳ ಮುಖದ ಮೇಲೆ ಬಿತ್ತು. ತಿನಿಸು ಕಡಲೆಕಾಳಿನಷ್ಟು ಚಿಕ್ಕದಿರಬೇಕು, ಮೆತ್ತಗಿರಬೇಕು. ದೊಡ್ಡ ತುಂಡು ಕೊಟ್ಟರೆ ಜಗಿಯುವುದರಲ್ಲೇ ಶಾಟ್ ಮುಗಿಯುತ್ತದೆ, ಬೇಗ ಹೊಟ್ಟೆ ತುಂಬಿದರೆ ಆಸಕ್ತಿಯೂ ಹೋಗುತ್ತದೆ. ವಯಸ್ಸಾದ ನಾಯಿಯಾದ್ದರಿಂದ ಒಂದು ಸಲಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೆಲಸವಿಲ್ಲ, ಆಮೇಲೆ ಗದ್ದಲವಿಲ್ಲದ ಕೋಣೆಯಲ್ಲಿ ನೀರು, ವಿಶ್ರಾಂತಿ. ಓಡುವ ಶಾಟ್‌ಗಳಿಗೆ ಅದೇ ಬಣ್ಣದ ಇನ್ನೊಂದು ನಾಯಿ.

ಕೇಳದಿರುವುದನ್ನು ತೋರಿಸಲು ಉಪಾಯ ಬೇಕಾಗಿತ್ತು, ಏಕೆಂದರೆ ಈ ನಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಹುಡುಗಿ ಕೂಗುವ ದೃಶ್ಯಗಳಲ್ಲಿ ಅವಳು ಧ್ವನಿ ಹೊರಡಿಸದೆ ಬಾಯಿ ಮಾತ್ರ ಆಡಿಸಿದಳು, ಕೂಗನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸಿದರು. ಕ್ಲ್ಯಾಪನ್ನು ಬಡಿಯದೆ ತೋರಿಸಿ ತೆಗೆದರು. ಸೆಟ್ಟಿನಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ನೆಲ ತಟ್ಟಿದಾಗ ಬರುವುದನ್ನು ಮಾತ್ರ ಬೇರೆಯಾಗಿ ಕಲಿಸಿದರು: ಎರಡು ತಟ್ಟು, ಕೂಡಲೇ ತಿನಿಸು, ದಿನಕ್ಕೆ ಕೆಲವೇ ನಿಮಿಷ. ತಟ್ಟು ಮತ್ತು ತಿನಿಸಿನ ನಡುವೆ ತಡವಾದಷ್ಟೂ ನಾಯಿಗೆ ಇವೆರಡರ ಸಂಬಂಧ ಹಿಡಿಯುವುದು ಕಷ್ಟವಾಗುತ್ತದೆ, ಹಾಗಾಗಿ ತಟ್ಟುವವರ ಇನ್ನೊಂದು ಕೈಯಲ್ಲೇ ತಿನಿಸು ಸಿದ್ಧವಿರುತ್ತಿತ್ತು.

ಸಂಕಲನದಲ್ಲಿ ಬದಲಾದದ್ದು

ನಾಯಿಯ ಒಳದನಿಯನ್ನು ಪೂರ್ತಿ ತೆಗೆದರು. ರಸವನ್ನು ಅದರ ಹೆಸರು ಹಿಡಿದು ಹೇಳಿಬಿಡುವುದನ್ನು ನಮ್ಮ ಅಲಂಕಾರಶಾಸ್ತ್ರ ದೋಷವೆಂದೇ ಎಣಿಸಿದೆ, ಆ ಒಳದನಿ ಚಿತ್ರದುದ್ದಕ್ಕೂ ಮಾಡುತ್ತಿದ್ದದ್ದು ಅದನ್ನೇ. 'ನನಗೆ ಬೇಸರವಾಗಿದೆ' ಎಂದು ನಾಯಿಯೇ ಹೇಳಿದ ಮೇಲೆ ನೋಡುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಅಪ್ಪನ ಉದ್ದನೆಯ ಮಾತೂ ಹೋಯಿತು.

'ದುಃಖದ' ಮುಖಗಳ ಜಾಗಕ್ಕೆ ಯಾವ ಭಾವವೂ ಇಲ್ಲದ ಮುಖಗಳು ಬಂದವು. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಷೋವ್ ಒಬ್ಬ ನಟನ ಒಂದೇ ನಿರ್ಭಾವದ ಮುಖವನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ ಇಂಥವುಗಳ ಪಕ್ಕಕ್ಕೆ ಜೋಡಿಸಿ, ಪ್ರೇಕ್ಷಕರು ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಆ ಮುಖದಲ್ಲಿ ಕಂಡರೆಂದು ತೋರಿಸಿದ್ದ. ಪ್ರಾಣಿಯ ಮುಖಕ್ಕೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಮ್ಮ ನಾಯಿಯ ಬಟ್ಟಲನ್ನು ತೊಳೆದು ಚೀಲಕ್ಕೆ ಹಾಕುವ ಶಾಟ್, ಅದರ ಮುಂದೆ ನಾಯಿ ಸುಮ್ಮನೆ ನೋಡುವ ಶಾಟ್. ಇಷ್ಟೇ. ಮಿಕ್ಕದ್ದನ್ನು ಪ್ರೇಕ್ಷಕರೇ ತುಂಬಿಕೊಂಡರು.

ಹದಿನೇಳು ನಿಮಿಷದ ಕಾಣೆಯಾದ ಭಾಗ ಆರು ನಿಮಿಷಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದ ಬದಲಾವಣೆ: ಮಳೆ ನಿಲ್ಲುವ ಮೊದಲೇ ನಾಯಿ ಒಂದು ಚಾವಣಿಯ ಕೆಳಗೆ ಕ್ಷೇಮವಾಗಿ ಮುದುಡಿ ಮಲಗಿರುವುದನ್ನು ಪ್ರೇಕ್ಷಕರಿಗೆ ತೋರಿಸಿಬಿಟ್ಟರು. ಹುಡುಗಿಗೆ ಮಾತ್ರ ತಿಳಿಯದು. ಕುತೂಹಲ ಸತ್ತುಹೋಗುತ್ತದೆ ಎಂಬ ವಾದ ತಂಡದಲ್ಲಿ ಜೋರಾಗಿಯೇ ನಡೆಯಿತು. ಆದದ್ದು ಬೇರೆ. ಮಕ್ಕಳ ಭಯ ಇಳಿದು, ಅವರ ಗಮನ ಹುಡುಗಿಯ ಕಡೆ ತಿರುಗಿತು. ಅಪಘಾತವನ್ನು ತೆಗೆದೇಬಿಟ್ಟರು.

ಇಷ್ಟಾದ ಮೇಲೆ ಉಳಿದದ್ದು ಎರಡು ತಟ್ಟು. ಮೊದಲ ಕಟ್‌ನಲ್ಲಿ ಅದು ಒಂದೇ ಒಂದು ಸಲ, ಒಂದು ತಮಾಷೆಯ ದೃಶ್ಯದಲ್ಲಿ ಬಂದು ಹೋಗಿತ್ತು. ಈಗ ಅದೇ ಚಿತ್ರದ ಬೆನ್ನೆಲುಬಾಯಿತು. ಹದಿನಾಲ್ಕನೆಯ ನಿಮಿಷದಲ್ಲಿ ಕುರ್ಚಿ ಉರುಳಿ ನೆಲಕ್ಕೆ ಎರಡು ಸಲ ಬಡಿದು ನಾಯಿ ಎದ್ದು ನೋಡುತ್ತದೆ, ಯಾರೂ ಅದನ್ನು ಗಮನಿಸುವುದಿಲ್ಲ. ಮೂವತ್ತೆಂಟನೆಯ ನಿಮಿಷದಲ್ಲಿ ಹುಡುಗಿ ಅದನ್ನು ಕಂಡುಹಿಡಿಯುತ್ತಾಳೆ. ಅರವತ್ತೊಂದನೆಯದರಲ್ಲಿ ಅಮ್ಮನಿಗೆ ಹೇಳಿಕೊಡುತ್ತಾಳೆ, ಅಪ್ಪ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಹೋಗುತ್ತಾನೆ. ತೊಂಬತ್ಮೂರನೆಯ ನಿಮಿಷದಲ್ಲಿ ಅಪ್ಪ ತಟ್ಟುತ್ತಾನೆ. ಪ್ರತಿ ಸಲವೂ ಅದೇ ಮರದ ನೆಲ, ಅದೇ ಸದ್ದು. ಫೋಲಿ ಮಾಡುವವರು, ಅಂದರೆ ದೃಶ್ಯಕ್ಕೆ ಬೇಕಾದ ಸದ್ದುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಮಾಡಿ ಸೇರಿಸುವವರು, ನಾಲ್ಕಕ್ಕೂ ಒಂದೇ ಹಲಗೆ ಬಳಸಿದರು.

ಕ್ಲೈಮ್ಯಾಕ್ಸ್ ಹೀಗಾಯಿತು. ಸಂಜೆ. ಅಪ್ಪ ಮೆಟ್ಟಿಲ ಮೇಲೆ ಕುಳಿತಿದ್ದಾನೆ. ನಾಲ್ಕು ಮೀಟರ್ ದೂರದಲ್ಲಿ ನಾಯಿ ಬೆನ್ನು ತಿರುಗಿಸಿ ಮಲಗಿದೆ. ಅವನು ಕರೆಯಲು ಬಾಯಿ ತೆರೆದು ಮುಚ್ಚುತ್ತಾನೆ. ಹಿಮ್ಮಡಿಯಿಂದ ನೆಲವನ್ನು ಎರಡು ಸಲ ತಟ್ಟುತ್ತಾನೆ. ನಾಯಿ ತಲೆ ಎತ್ತಿ, ತಿರುಗಿ, ಎದ್ದು ಬರುತ್ತದೆ. ಹಲಗೆಯ ಮೇಲೆ ಉಗುರಿನ ಸದ್ದು, ಕೊರಳಪಟ್ಟಿಯ ಬಿಲ್ಲೆಯ ಸಣ್ಣ ಕಿಣಿಕಿಣಿ, ಬೇರೇನಿಲ್ಲ. ಒಳ್ಳೆಯ ಟೇಕ್‌ನಲ್ಲಿ ನಾಯಿ ಅರ್ಧ ದಾರಿಯಲ್ಲಿ ನಿಂತು ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು. ದೃಶ್ಯ ಕೆಟ್ಟಿತೆಂದು ಸೆಟ್ಟಿನಲ್ಲಿ ಅದನ್ನು ಬದಿಗಿಟ್ಟಿದ್ದರು. ಸಂಕಲನಕಾರರು ಅದನ್ನೇ ಹುಡುಕಿ ತೆಗೆದು ಹಾಕಿದರು. ಕೆರೆದು ಮುಗಿಸಿ, ಬಂದು, ಅಪ್ಪನ ಪಾದದ ಮೇಲೆ ಗದ್ದವಿಟ್ಟು ಮಲಗುತ್ತದೆ. ಮೊದಲು ಇಪ್ಪತ್ತು ಸೆಕೆಂಡಿನಲ್ಲಿ ಒಂಬತ್ತು ಕಟ್ ಇದ್ದ ಜಾಗದಲ್ಲಿ ಈಗ ಒಂದೇ ಶಾಟ್. ಗದ್ದ ಪಾದಕ್ಕೆ ತಾಗಿ ಏಳು ಸೆಕೆಂಡು ಕಳೆದ ಮೇಲೆ ಸಂಗೀತ ಶುರುವಾಗುತ್ತದೆ, ಅದೂ ಒಂದೇ ವಾದ್ಯ.

ಏನಾಯಿತು

101 ನಿಮಿಷದ ಕಟ್ ಅನ್ನು ಮೂರನೆಯ ಪ್ರಿವ್ಯೂಗೆ ಇಟ್ಟರು. ಮುಂದಿನ ಸಾಲಿನಲ್ಲಿ ಬೆನ್ನು ಮಾಡಿ ಕುಳಿತವರು ಕಂಡದ್ದು: ನಾಯಿ ಕಿವಿ ಕೆರೆದುಕೊಂಡಾಗ ಸಭಾಂಗಣ ನಕ್ಕಿತು, ಆ ನಗು ಇಳಿಯುವ ಮೊದಲೇ ಗದ್ದ ಪಾದದ ಮೇಲೆ ಬಂತು, ಆಗ ಕಣ್ಣುಗಳು ತುಂಬಿದವು. ಬಿಗಿಹಿಡಿದು ಕುಳಿತವರನ್ನು ನಗು ಸಡಿಲಿಸುತ್ತದೆ, ಅಳು ಬರಲು ಆ ಸಡಿಲ ಬೇಕು. ನಾಯಿ ನಾಯಿಯಾಗಿಯೇ ಉಳಿದದ್ದರಿಂದ ಅದರ ಬರುವಿಕೆಯನ್ನು ಯಾರೂ ಅನುಮಾನಿಸಲಿಲ್ಲ. 'ನಾಯಿಗೆ ಏನು ಬೇಕಿತ್ತು' ಎಂಬ ಹಳೆಯ ಪ್ರಶ್ನೆಗೆ ಈ ಸಲ ಒಂದು ಮಗು ತಡವರಿಸದೆ ಉತ್ತರ ಕೊಟ್ಟಿತು: 'ಯಾರಾದ್ರೂ ಕರೀಬೇಕಿತ್ತು.'

ಹೊರಬಂದವರು ಚಿತ್ರದ ಬಗ್ಗೆ ಹೆಚ್ಚು ಮಾತಾಡಲಿಲ್ಲ, ತಮ್ಮ ತಮ್ಮ ಮನೆಯ ಪ್ರಾಣಿಗಳ ಬಗ್ಗೆ ಮಾತಾಡಿದರು. ಎಲ್ಲರೂ ಅತ್ತರು ಎಂದೇನಲ್ಲ. ಪ್ರಾಣಿಗಳೊಂದಿಗೆ ಬಾಳದ ಕೆಲವರಿಗೆ ಮೊದಲರ್ಧ ನಿಧಾನವೆನಿಸಿತು. ಒಳದನಿ ಹೋದ ಮೇಲೆ ಅಲ್ಲಿ ಸುಮ್ಮನೆ ನೋಡುವ ಹೊತ್ತು ಹೆಚ್ಚಾಗಿತ್ತು, ಮೂರು ನಿಮಿಷ ಇನ್ನೂ ಕತ್ತರಿಸಬಹುದಿತ್ತು.

ಬೇರೆಯವರಿಗೆ ಉಪಯೋಗಕ್ಕೆ ಬರುವುದು

ಅನುಬಂಧವೊಂದು ಇದ್ದಕ್ಕಿದ್ದಂತೆ ಗಟ್ಟಿಯಾಗುವುದನ್ನು ಕಂಡಾಗ ಮನಸ್ಸು ಕರಗುತ್ತದೆ, ಬರೀ ಕಷ್ಟವನ್ನು ಕಂಡಾಗ ಮುದುಡುತ್ತದೆ. ಮೊದಲ ಎರಡು ಕಟ್‌ಗಳು ಕಷ್ಟವನ್ನು ಹೆಚ್ಚಿಸುತ್ತಾ ಹೋದವು. ಮೂರನೆಯದು ಒಂದು ಚಿಕ್ಕ ಅಭ್ಯಾಸವನ್ನು ಕೈಯಿಂದ ಕೈಗೆ ದಾಟಿಸಿತು, ಹುಡುಗಿಯಿಂದ ಅಮ್ಮನಿಗೆ, ಕೊನೆಗೆ ಅದನ್ನು ಕಲಿಯಲು ಒಲ್ಲದಿದ್ದವನಿಗೆ. ಪ್ರಾಣಿಯ ಚಿತ್ರ ಬರೆಯುವವರು ಕ್ಲೈಮ್ಯಾಕ್ಸಿಗಿಂತ ಮೊದಲು ಅಂಥದ್ದೊಂದು ಅಭ್ಯಾಸವನ್ನು ಹುಡುಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅದು ಆ ಪ್ರಾಣಿ ನಿಜಕ್ಕೂ ಮಾಡುವ ಕೆಲಸವಾಗಿರಬೇಕು, ಮಾತಿಲ್ಲದೆ ತಿಳಿಯಬೇಕು, ಕನಿಷ್ಠ ಮೂರು ಸಲ ಬಂದಿರಬೇಕು, ಮೊದಲ ಸಲ ಯಾರ ಗಮನಕ್ಕೂ ಬೀಳಬಾರದು.

ಚಿತ್ರೀಕರಣದ ದಿನವೇ, ದಿನದ ಕೊನೆಗೆ, ಧ್ವನಿ ಮುಚ್ಚಿ ಪ್ರಾಣಿಯ ಶಾಟ್‌ಗಳನ್ನು ತರಬೇತುದಾರರ ಜೊತೆ ಕುಳಿತು ನೋಡುವುದು ಈ ತಂಡ ತಡವಾಗಿ ಕಲಿತ ಪದ್ಧತಿ. ಒತ್ತಡದ ಗುರುತು ಕಂಡರೆ ಮರುದಿನದ ಕೆಲಸವನ್ನೇ ಕಡಿಮೆ ಮಾಡಬಹುದು, ಸಂಕಲನದ ಮೇಜಿಗೆ ಬಂದ ಮೇಲೆ ಅದಕ್ಕೆ ಮದ್ದಿಲ್ಲ.

ನಾಯಿಯ ಆಯ್ಕೆಯಲ್ಲೂ ಒಂದು ಯೋಚನೆಯಿತ್ತು. ಪ್ರಸಿದ್ಧ ತಳಿಯ ಬದಲು ಬೆರಕೆ ನಾಯಿಯನ್ನು, ಅದರಲ್ಲೂ ವಯಸ್ಸಾದದ್ದನ್ನು ತೆಗೆದುಕೊಂಡಿದ್ದರು. ನಾಯಿಗಳ ಚಿತ್ರ ಬಂದ ಮೇಲೆ ಆ ತಳಿಯ ಬೇಡಿಕೆ ಹತ್ತು ವರ್ಷಗಳವರೆಗೂ ಏರಿರಬಹುದೆಂದು ಅಮೆರಿಕದ ತಳಿ ನೋಂದಣಿಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು ಹೇಳಿದೆ. ಕರಗಿದ ಮನಸ್ಸಿನಲ್ಲಿ ಮರಿ ತಂದು, ಅದು ಬೆಳೆದ ಮೇಲೆ ಬೇಡವೆನ್ನುವ ಮನೆಗಳೂ ಇರುತ್ತವೆ. ಮುದಿ ನಾಯಿಯ ಚಿತ್ರ ಮನೆಯಲ್ಲಿ ಈಗಾಗಲೇ ಇರುವ ನಾಯಿಯ ಕಡೆ ನೋಡಿಸುತ್ತದೆ.

ಒಂದು ದೂರು ಮಾತ್ರ ಕೊನೆಯವರೆಗೂ ಉಳಿಯಿತು. ಅಪ್ಪನಿಗೆ ಕ್ಷಮೆ ತೀರಾ ಸುಲಭವಾಗಿ ಸಿಕ್ಕಿತು ಎಂದು ಕೆಲವು ತಾಯಂದಿರು ಹೇಳಿದರು. ಅವರ ಮಾತು ಸರಿ. ಅವನು ತಟ್ಟಿದ ಮೊದಲ ಸಲವೇ ನಾಯಿ ಬಂದುಬಿಡುತ್ತದೆ. ಅವನ ತಟ್ಟಿಗೆ ಅಭ್ಯಾಸವಿಲ್ಲದ ನಾಯಿ ಒಮ್ಮೆ ಏಳದೆ, ಅವನು ಇನ್ನಷ್ಟು ಹತ್ತಿರ ಸರಿದು ಕುಳಿತು ಮತ್ತೆ ತಟ್ಟುವಂತಿದ್ದರೆ ಆ ದೂರು ಬರುತ್ತಿರಲಿಲ್ಲ. ಚಿತ್ರಕಥೆಯಲ್ಲಿ ಅದು ಅರ್ಧ ಪುಟದ ಕೆಲಸ, ಸಂಕಲನಕ್ಕೆ ಬರುವ ಹೊತ್ತಿಗೆ ಅಂಥ ಶಾಟ್ ಒಂದೂ ಇರಲಿಲ್ಲ.